ಕಂಡುದರಿಂದ ಕಾಣದುದಕ್ಕೆ

ದೂರದ ಗುಡ್ಡದ ನೆತ್ತಿಯಿಂದ ಹೊಗೆ ಏಳುತ್ತಿರುವುದನ್ನು ಕಂಡ ದಾರಿಗನು ಅಲ್ಲಿ ಬೆಂಕಿಯಿದೆ ಎಂದು ತಿಳಿಯುತ್ತಾನೆ. ಬೆಂಕಿ ಅವನ ಕಣ್ಣಿಗೆ ಬಿದ್ದಿಲ್ಲ. ಅದರ ಕಾವು ಮೈಗೆ ತಾಗಿಲ್ಲ. ಆದರೂ ಅವನಿಗೆ ಸಂದೇಹವಿಲ್ಲ. ಅಡುಗೆಮನೆಯ ಒಲೆಯಲ್ಲಿ, ಹೊಲದ ಬದುವಿನಲ್ಲಿ, ಕುಂಬಾರನ ಆವಿಗೆಯಲ್ಲಿ, ಹೊಗೆ ಕಂಡ ಕಡೆಯಲ್ಲೆಲ್ಲ ಅವನು ಬೆಂಕಿಯನ್ನೂ ಕಂಡಿದ್ದಾನೆ. ಬೆಂಕಿಗೆ ಎಡೆಯಿಲ್ಲದ ಕೆರೆಯ ಮಧ್ಯದಲ್ಲಿ ಹೊಗೆಯನ್ನೆಂದೂ ಕಂಡಿಲ್ಲ. ಕಂಡ ನೂರು ಸಂಗತಿಗಳ ಬಲದಿಂದ ಕಾಣದ ನೂರೊಂದನೆಯದನ್ನು ಅವನು ನಿಶ್ಚಯಿಸುತ್ತಾನೆ.

ಭಾರತೀಯ ತರ್ಕಶಾಸ್ತ್ರದಲ್ಲಿ ಈ ಬಗೆಯ ತಿಳಿವಿಗೆ ಅನುಮಾನವೆಂದು ಹೆಸರು. ಹೊಗೆಗೂ ಬೆಂಕಿಗೂ ಇರುವ, ಎಲ್ಲಿಯೂ ತಪ್ಪದ ಸಂಬಂಧವನ್ನು ನೈಯಾಯಿಕರು ವ್ಯಾಪ್ತಿಯೆಂದು ಕರೆದರು. ಕನ್ನಡದ ಬಳಕೆಯ ಮಾತಿನಲ್ಲಿ ಅನುಮಾನವೆಂದರೆ ಸಂಶಯ. ಶಾಸ್ತ್ರದಲ್ಲಾದರೋ ಅದು ಸಂಶಯವನ್ನು ನೀಗುವ ಪ್ರಮಾಣ. ಒಂದೇ ಪದವು ಇಂತಹ ಎರಡು ವಿರುದ್ಧಾರ್ಥಗಳನ್ನು ಹೊತ್ತಿರುವುದು ಸೋಜಿಗವೆನಿಸಬಹುದು. ಆದರೆ ವಿಜ್ಞಾನದ ಚರಿತ್ರೆಯನ್ನು ಬಲ್ಲವರಿಗೆ ಅದು ಅಷ್ಟೇನೂ ಅಸಂಗತವಾಗಿ ತೋರದು.

ಬಿಡಿ ಸಂಗತಿಗಳನ್ನು ನೋಡಿ ಅವೆಲ್ಲಕ್ಕೂ ಅನ್ವಯಿಸುವ ಸಾಮಾನ್ಯ ನಿಯಮವೊಂದನ್ನು ಸ್ಥಾಪಿಸುವ ಕ್ರಮಕ್ಕೆ ಆಧುನಿಕ ತರ್ಕಶಾಸ್ತ್ರದಲ್ಲಿ ಅನುಗಮನವೆಂದು ಹೆಸರು. ನಿಯಮದಿಂದ ಬಿಡಿ ಸಂಗತಿಗೆ ಇಳಿದು ಬರುವುದು ನಿಗಮನ. ನಿಗಮನದಲ್ಲಿ ಅಪಾಯವಿಲ್ಲ, ಆಧಾರವಾಕ್ಯಗಳು ಸತ್ಯವಾಗಿದ್ದರೆ ತೀರ್ಮಾನವೂ ಸತ್ಯವೇ. ಅನುಗಮನದಲ್ಲಿ ಹಾಗಲ್ಲ. ಯೂರೋಪಿನ ಜನರು ಶತಮಾನಗಳ ಕಾಲ ಬಿಳಿಯ ಹಂಸಗಳನ್ನೇ ಕಂಡಿದ್ದರು. ಹಂಸವೆಂದರೆ ಬಿಳಿಯ ಹಕ್ಕಿಯೆಂದೇ ನಂಬಿದ್ದರು. ೧೬೯೭ರಲ್ಲಿ ಡಚ್ ನಾವಿಕನಾದ ವ್ಲಾಮಿಂಗ್‌ನ ತಂಡವು ಆಸ್ಟ್ರೇಲಿಯದ ಪಶ್ಚಿಮ ಕರಾವಳಿಯ ನದಿಯೊಂದರಲ್ಲಿ ಕಪ್ಪು ಹಂಸಗಳನ್ನು ಕಂಡಿತು. ಅಸಂಖ್ಯ ಬಿಳಿಯ ಹಂಸಗಳು ಕಟ್ಟಿದ್ದ ನಿಯಮವನ್ನು ಕೆಲವೇ ಕಪ್ಪು ಹಂಸಗಳು ಕೆಡವಿದುವು.

ಈ ದೌರ್ಬಲ್ಯವನ್ನು ಎತ್ತಿ ತೋರಿಸಿದವರು ಪಾಶ್ಚಾತ್ಯರು ಮಾತ್ರವಲ್ಲ. ಹದಿನಾಲ್ಕನೆಯ ಶತಮಾನದಲ್ಲಿ, ವಿಜಯನಗರದ ಕಾಲದಲ್ಲಿ, ರಚಿತವಾದ ಸರ್ವದರ್ಶನಸಂಗ್ರಹವೆಂಬ ಸಂಸ್ಕೃತ ಗ್ರಂಥವು ಚಾರ್ವಾಕರ ಮತದಿಂದಲೇ ಪ್ರಾರಂಭವಾಗುತ್ತದೆ. ಅಲ್ಲಿ ಚಾರ್ವಾಕನ ಆಕ್ಷೇಪ ಹೀಗಿದೆ: ಕಣ್ಣು ಕಾಣುವುದು ಎದುರಿಗಿರುವುದನ್ನು ಮಾತ್ರ. ಹಿಂದೆ ಆಗಿಹೋದ ಹೊಗೆಗಳನ್ನೂ ಮುಂದೆ ಏಳಲಿರುವ ಹೊಗೆಗಳನ್ನೂ ಯಾರೂ ನೋಡಿಲ್ಲ. ಹೀಗಿರುವಾಗ ಹೊಗೆಯಿರುವಲ್ಲೆಲ್ಲ ಬೆಂಕಿಯಿದೆ ಎಂಬುದನ್ನು ಪ್ರತ್ಯಕ್ಷದಿಂದ ತಿಳಿಯುವುದು ಹೇಗೆ? ಅನುಮಾನದಿಂದ ತಿಳಿಯುತ್ತೇವೆ ಎನ್ನುವುದಾದರೆ, ಆ ಅನುಮಾನಕ್ಕೆ ಬೇಕಾದ ವ್ಯಾಪ್ತಿಯನ್ನು ಸ್ಥಾಪಿಸಲು ಮತ್ತೊಂದು ಅನುಮಾನ ಬೇಕು, ಅದಕ್ಕೆ ಇನ್ನೊಂದು. ೧೭೩೯ರಲ್ಲಿ ಸ್ಕಾಟ್ಲೆಂಡಿನ ಡೇವಿಡ್ ಹ್ಯೂಮನು ಇದೇ ತೊಡಕನ್ನು ಬೇರೊಂದು ದಾರಿಯಿಂದ ಮುಟ್ಟಿದನು. ನಿಸರ್ಗವು ನಿನ್ನೆ ನಡೆದಂತೆ ನಾಳೆಯೂ ನಡೆಯುತ್ತದೆ ಎಂಬ ನಂಬಿಕೆಗೆ ಆಧಾರ ಯಾವುದು? ಇದುವರೆಗೆ ಹಾಗೆ ನಡೆದಿದೆ ಎಂಬುದೇ. ಅನುಗಮನವನ್ನು ಅನುಗಮನದಿಂದಲೇ ಸಮರ್ಥಿಸಹೊರಟಂತಾಯಿತು! ಎಷ್ಟು ನಿಪುಣನಾದ ದೊಂಬನೂ ತನ್ನ ಹೆಗಲ ಮೇಲೆ ತಾನೇ ಹತ್ತಿ ನಿಲ್ಲಲಾರನು.

ನೈಯಾಯಿಕರು ಚಾರ್ವಾಕನ ಮಾತನ್ನು ತಳ್ಳಿಹಾಕಿ ಸುಮ್ಮನಾಗಲಿಲ್ಲ. ಅವನೂ ಹಸಿದಾಗ ಅನ್ನವನ್ನೇ ಹುಡುಕುತ್ತಾನಲ್ಲವೇ ಎಂದು ಕೇಳಿದರು. ಅದಕ್ಕಿಂತ ಮಿಗಿಲಾಗಿ, ವ್ಯಾಪ್ತಿಯು ಎಲ್ಲಿ ಮುರಿಯುತ್ತದೆ ಎಂಬುದನ್ನು ಕೂಲಂಕಷವಾಗಿ ಪರಿಶೀಲಿಸಿದರು. ಹೊಗೆಯಿದ್ದಲ್ಲಿ ಬೆಂಕಿಯಿದೆ ಎನ್ನುವುದು ಸರಿ. ಬೆಂಕಿಯಿದ್ದಲ್ಲಿ ಹೊಗೆಯಿದೆ ಎನ್ನುವುದು ಸರಿಯಲ್ಲ. ಕಮ್ಮಾರನ ಕುಲುಮೆಯಲ್ಲಿ ಕೆಂಪಗೆ ಕಾದ ಕಬ್ಬಿಣದ ಗುಂಡಿನಲ್ಲಿ ಬೆಂಕಿಯಿದೆ, ಹೊಗೆಯಿಲ್ಲ. ಬೆಂಕಿಯಿಂದ ಹೊಗೆ ಹೊರಡಲು ಹಸಿಯ ಸೌದೆ ಬೇಕು. ಹೀಗೆ ನಿಯಮದೊಳಗೆ ಅಡಗಿದ್ದು, ನೋಡುವವನ ಗಮನಕ್ಕೆ ಬಾರದ ಷರತ್ತನ್ನು ಅವರು ಉಪಾಧಿಯೆಂದರು. ಒಲೆಗೆ ಸದಾ ಹಸಿಯ ಸೌದೆಯನ್ನೇ ಒಟ್ಟುವ ಮನೆಯಲ್ಲಿ ಬೆಳೆದವನಿಗೆ ಬೆಂಕಿಯೆಂದರೆ ಹೊಗೆಯೇ. ಉಪಾಧಿಯೊಂದಿದೆ ಎಂಬುದು ಅವನಿಗೆ ತೋರುವುದು ಕುಲುಮೆಯ ಮುಂದೆ ನಿಂತಾಗ. ಈ ಉಪಾಧಿಯೆಂಬ ಮಾತನ್ನು ನೆನಪಿನಲ್ಲಿಟ್ಟುಕೊಂಡು ಈಗ ಆಕಾಶದ ಕಡೆಗೆ ತಿರುಗಬಹುದು. ಅನುಗಮನದ ಶಕ್ತಿ ಮತ್ತು ಅಪಾಯಗಳೆರಡೂ ಅಲ್ಲಿ ಒಬ್ಬನೇ ಮನುಷ್ಯನ ಜೀವಿತದಲ್ಲಿ ಪ್ರಕಟವಾದುವು.

ಐಸಾಕ್ ನ್ಯೂಟನ್ನನು ತನ್ನ ಗುರುತ್ವ ನಿಯಮವನ್ನು ೧೬೮೭ರಲ್ಲಿ ಪ್ರಕಟಿಸಿದನು. ಎರಡು ಕಾಯಗಳು ಒಂದನ್ನೊಂದು ಸೆಳೆಯುತ್ತವೆ. ಅವುಗಳ ನಡುವಣ ದೂರವು ಎರಡರಷ್ಟಾದರೆ ಸೆಳೆತವು ನಾಲ್ಕರಲ್ಲೊಂದು ಪಾಲಾಗುತ್ತದೆ. ಚಂದ್ರನ ಚಲನೆ, ಗ್ರಹಗಳ ಚಲನೆ, ಸಮುದ್ರದ ಉಬ್ಬರವಿಳಿತ ಮೊದಲಾದುವನ್ನು ಪರಿಶೀಲಿಸಿ, ವಿಶ್ವದ ಸಕಲ ಕಾಯಗಳಿಗೂ ಈ ನಿಯಮ ಸಲ್ಲುತ್ತದೆ ಎಂದು ಆತನು ಸಾರಿದನು. ಇದು ಅನುಗಮನವೇ. ನ್ಯೂಟನ್ನನಿಗೆ ಅದರ ಮಿತಿಯೂ ತಿಳಿದಿತ್ತು. ೧೭೨೬ರಲ್ಲಿ ಹೊರಬಂದ ತನ್ನ ಗ್ರಂಥದ ಮೂರನೆಯ ಆವೃತ್ತಿಯಲ್ಲಿ ಆತನು ಹೊಸದೊಂದು ಸೂತ್ರವನ್ನು ಸೇರಿಸಿದನು. ಅನುಗಮನದಿಂದ ದೊರೆತ ನಿಯಮಗಳನ್ನು, ಅವುಗಳಿಗೆ ಅಪವಾದವಾಗುವ ಹೊಸ ಸಂಗತಿಗಳು ಕಾಣಿಸಿಕೊಳ್ಳುವವರೆಗೆ, ಸತ್ಯವೆಂದೋ ಸತ್ಯಕ್ಕೆ ಅತಿ ಸಮೀಪವೆಂದೋ ಎಣಿಸಬೇಕು ಎಂಬುದು ಅದರ ತಾತ್ಪರ್ಯ.

ಒಂದು ಶತಮಾನ ಕಳೆಯಿತು, ಅಪವಾದ ಕಾಣಿಸಲಿಲ್ಲ. ಹ್ಯಾಲಿಯ ಧೂಮಕೇತುವು ಲೆಕ್ಕ ಹಾಕಿದಂತೆಯೇ ೧೭೫೮ರ ಕೊನೆಯಲ್ಲಿ ಮರಳಿ ಬಂದಿತು. ೧೭೮೧ರಲ್ಲಿ ವಿಲಿಯಂ ಹರ್ಷಲನು ತನ್ನ ದೂರದರ್ಶಕದಿಂದ ಯುರೇನಸ್ ಗ್ರಹವನ್ನು ಕಂಡುಹಿಡಿದಾಗ, ಅದೂ ನ್ಯೂಟನ್ನನ ನಿಯಮಕ್ಕೆ ಅಧೀನವಾಗಿ ನಡೆಯುವುದೆಂದು ಎಲ್ಲರೂ ನಂಬಿದರು. ಆದರೆ ಯುರೇನಸ್ ಹಾಗೆ ನಡೆಯಲಿಲ್ಲ. ಫ್ರಾನ್ಸಿನ ಬುವಾರ್ ಎಂಬಾತನು ೧೮೨೧ರಲ್ಲಿ ಅದರ ಸ್ಥಾನಗಳ ಪಟ್ಟಿಯನ್ನು ಸಿದ್ಧಪಡಿಸಿದನು. ಕೆಲವೇ ವರ್ಷಗಳಲ್ಲಿ ಗ್ರಹವು ಆ ಪಟ್ಟಿಯಿಂದ ಸರಿಯತೊಡಗಿತು. ೧೮೪೫ರ ಹೊತ್ತಿಗೆ ವ್ಯತ್ಯಾಸವು ಸುಮಾರು ಎರಡು ಕಲೆಗಳಷ್ಟಾಗಿತ್ತು. ಒಂದು ಅಂಶವನ್ನು ಅರುವತ್ತು ಭಾಗ ಮಾಡಿದರೆ ಒಂದು ಭಾಗವೇ ಕಲೆ. ಪೂರ್ಣಚಂದ್ರನ ಅಗಲದ ಹದಿನೈದರಲ್ಲೊಂದು ಪಾಲಷ್ಟೇ ಆ ವ್ಯತ್ಯಾಸ. ಬರಿಗಣ್ಣಿಗೆ ಅದು ಏನೂ ಅಲ್ಲ. ಖಗೋಳವಿಜ್ಞಾನಿಗಳಿಗೆ ಅದು ಕೋಟೆಯ ಗೋಡೆಯಲ್ಲಿ ಕಂಡ ಬಿರುಕಿನಂತಿತ್ತು.

ಇದರಿಂದ ಪಾರಾಗಲು ಎರಡು ದಾರಿಗಳಿದ್ದುವು. ಸೂರ್ಯನಿಂದ ಅಷ್ಟು ದೂರದಲ್ಲಿ ನ್ಯೂಟನ್ನನ ನಿಯಮವೇ ಸಡಿಲವಾಗುತ್ತದೆ ಎನ್ನುವುದು ಒಂದು. ಇಂಗ್ಲೆಂಡಿನ ರಾಜ ಖಗೋಳವಿಜ್ಞಾನಿಯಾಗಿದ್ದ ಏರಿಯ ಮನಸ್ಸು ಆ ಕಡೆಗೆ ವಾಲಿತ್ತು. ಯುರೇನಸ್ಸಿನಾಚೆಗೆ ಕಾಣದ ಗ್ರಹವೊಂದಿದ್ದು ಅದನ್ನು ಸೆಳೆಯುತ್ತಿದೆ ಎನ್ನುವುದು ಇನ್ನೊಂದು. ಕೇಂಬ್ರಿಜ್‌ನ ತರುಣ ಜಾನ್ ಕೌಚ್ ಆಡಮ್ಸ್ ಮತ್ತು ಪ್ಯಾರಿಸ್ಸಿನ ಉರ್ಬೆನ್ ಲೆವೆರಿಯೆ, ಒಬ್ಬರನ್ನೊಬ್ಬರು ಅರಿಯದೆ, ಎರಡನೆಯ ದಾರಿಯನ್ನೇ ಹಿಡಿದರು. ಗ್ರಹದ ಸ್ಥಾನ ತಿಳಿದಿದ್ದರೆ ಅದರ ಸೆಳೆತವನ್ನು ಲೆಕ್ಕ ಹಾಕುವುದು ಸುಲಭ. ಸೆಳೆತದ ಪರಿಣಾಮದಿಂದ ಕಾಣದ ಗ್ರಹದ ಸ್ಥಾನವನ್ನು ಹುಡುಕುವುದು ಬಹು ಕಷ್ಟದ ಕೆಲಸ. ಲೆವೆರಿಯೆ ತಿಂಗಳುಗಟ್ಟಲೆ ದುಡಿದು, ೧೮೪೬ರ ಆಗಸ್ಟ್ ೩೧ರಂದು ಪ್ಯಾರಿಸ್ಸಿನ ವಿಜ್ಞಾನ ಅಕಾಡೆಮಿಯ ಮುಂದೆ ಆ ಗ್ರಹದ ನೆಲೆಯನ್ನು ಸೂಚಿಸಿದನು. ತನ್ನ ದೇಶದ ವೀಕ್ಷಕರು ಉತ್ಸಾಹ ತೋರದಿದ್ದಾಗ ಬರ್ಲಿನ್ ವೀಕ್ಷಣಾಲಯದ ಗಾಲೆ ಎಂಬಾತನಿಗೆ ಪತ್ರ ಬರೆದನು.

ಪತ್ರವು ಸೆಪ್ಟೆಂಬರ್ ೨೩ರಂದು ಗಾಲೆಯ ಕೈಸೇರಿತು. ಅದೇ ರಾತ್ರಿ ಆತನು ದಾರೆಸ್ಟ್ ಎಂಬ ವಿದ್ಯಾರ್ಥಿಯೊಡನೆ ದೂರದರ್ಶಕದ ಮುಂದೆ ಕುಳಿತನು. ಆಕಾಶದ ಆ ಭಾಗದ ಹೊಸ ನಕ್ಷೆಯೊಂದು ವೀಕ್ಷಣಾಲಯದಲ್ಲಿಯೇ ಇತ್ತು. ಗಾಲೆ ಕಂಡ ಒಂದೊಂದು ನಕ್ಷತ್ರವನ್ನೂ ವರ್ಣಿಸುತ್ತಿರಲು ದಾರೆಸ್ಟ್ ಅದನ್ನು ನಕ್ಷೆಯಲ್ಲಿ ಗುರುತಿಸುತ್ತ ಹೋದನು. ಬಹಳ ಹೊತ್ತು ಹಿಡಿಯಲಿಲ್ಲ; ನಕ್ಷೆಯಲ್ಲಿಲ್ಲದ ಚುಕ್ಕೆಯೊಂದು ಸಿಕ್ಕಿತು. ಮರುದಿನ ರಾತ್ರಿ ಅದು ತುಸು ಸರಿದಿತ್ತು. ಲೆವೆರಿಯೆ ಸೂಚಿಸಿದ ಸ್ಥಾನದಿಂದ ಒಂದು ಅಂಶದಷ್ಟೂ ದೂರದಲ್ಲಿರದ ಅದೇ ನೆಪ್ಚೂನ್. ಮನುಷ್ಯನು ಕಣ್ಣಿನಿಂದಲ್ಲ, ಲೇಖನಿಯಿಂದ ಗ್ರಹವೊಂದನ್ನು ಕಂಡುಹಿಡಿದಿದ್ದನು. ಲೆವೆರಿಯೆಯ ಲೆಕ್ಕದಲ್ಲಿ ಅದೃಷ್ಟದ ಪಾಲೂ ಸ್ವಲ್ಪ ಇತ್ತೆಂಬುದನ್ನು ಹೇಳಲೇಬೇಕು. ಗ್ರಹವು ಭೂಮಿಗಿಂತ ೩೬ ಪಾಲು ದೂರದಲ್ಲಿ ಸೂರ್ಯನನ್ನು ಸುತ್ತುತ್ತದೆ ಎಂದು ಆತನು ಎಣಿಸಿದ್ದನು; ಅದು ನಿಜವಾಗಿ ಇರುವುದು ೩೦ ಪಾಲು ದೂರದಲ್ಲಿ. ಆದರೆ ಆ ವರ್ಷಗಳಲ್ಲಿ ಅದು ಇದ್ದ ದಿಕ್ಕು ಮಾತ್ರ ಸರಿಯಾಗಿಯೇ ಹೊರಟಿತ್ತು. ಕೇಂಬ್ರಿಜ್‌ನ ಚಾಲಿಸ್ ಎಂಬಾತನು ಅದೇ ಆಗಸ್ಟ್ ತಿಂಗಳಲ್ಲಿ ಎರಡು ಬಾರಿ ಈ ಗ್ರಹವನ್ನು ಗುರುತು ಹಾಕಿಕೊಂಡಿದ್ದರೂ ಅದು ಗ್ರಹವೆಂದು ತಿಳಿಯಲಿಲ್ಲ. ಕಣ್ಣಿಗೆ ಬಿದ್ದುದೆಲ್ಲ ಕಂಡಂತಾಗುವುದಿಲ್ಲ.

ಲೆವೆರಿಯೆಯ ಕೀರ್ತಿ ದಿಗಂತವನ್ನು ಮುಟ್ಟಿತು. ಮುಂದೆ ಆತನು ಪ್ಯಾರಿಸ್ ವೀಕ್ಷಣಾಲಯದ ನಿರ್ದೇಶಕನಾದನು. ಸೌರವ್ಯೂಹದ ಎಲ್ಲ ಗ್ರಹಗಳ ಚಲನೆಯನ್ನೂ ನ್ಯೂಟನ್ನನ ನಿಯಮದಿಂದ ಲೆಕ್ಕ ಹಾಕಿ ಮುಗಿಸಬೇಕೆಂಬುದು ಆತನ ಸಂಕಲ್ಪ. ಆಗ ಎದುರಾದುದು ಸೂರ್ಯನಿಗೆ ಅತಿ ಸಮೀಪದ ಗ್ರಹವಾದ ಬುಧ.

ಬುಧನ ಕಕ್ಷೆಯು ಮೊಟ್ಟೆಯಂತೆ ತುಸು ನೀಳವಾದುದು. ಕಕ್ಷೆಯಲ್ಲಿ ಸೂರ್ಯನಿಗೆ ಅತ್ಯಂತ ಹತ್ತಿರವಾದ ಬಿಂದುವು ಒಂದೇ ಕಡೆ ನಿಲ್ಲದೆ ಮೆಲ್ಲಮೆಲ್ಲನೆ ಮುಂದಕ್ಕೆ ಜರುಗುತ್ತದೆ. ಕಲೆಯ ಅರುವತ್ತರಲ್ಲೊಂದು ಪಾಲು ವಿಕಲೆ. ಇಂದಿನ ಲೆಕ್ಕದಂತೆ ಈ ಜರುಗು ಶತಮಾನಕ್ಕೆ ಸುಮಾರು ೫೭೪ ವಿಕಲೆ. ಶುಕ್ರ, ಭೂಮಿ, ಗುರು ಮೊದಲಾದ ಗ್ರಹಗಳ ಸೆಳೆತದಿಂದ ಆಗತಕ್ಕದ್ದು ಸುಮಾರು ೫೩೧. ಉಳಿಯುವುದು ೪೩ ವಿಕಲೆ. ೧೮೫೯ರಲ್ಲಿ ಲೆವೆರಿಯೆಗೆ ದೊರೆತ ಶೇಷವು ೩೮. ಶತಮಾನಕ್ಕೆ ೪೩ ವಿಕಲೆಯಂತೆ ಜರುಗುವ ಬಿಂದುವು ಒಂದು ಪೂರ್ಣ ಸುತ್ತು ಬರಲು ಮೂವತ್ತು ಲಕ್ಷ ವರ್ಷ ಬೇಕು! ಇಷ್ಟು ಸೂಕ್ಷ್ಮವಾದ ಶೇಷವನ್ನು ಕಡೆಗಣಿಸದೆ ಲೋಕದ ಮುಂದಿಟ್ಟುದು ಆತನ ಪ್ರಾಮಾಣಿಕತೆಗೆ ಸಾಕ್ಷಿ.

ಅದಕ್ಕೆ ಕಾರಣವೇನು? ಲೆವೆರಿಯೆಗೆ ಉತ್ತರವನ್ನು ದೂರ ಹುಡುಕಬೇಕಾಗಿರಲಿಲ್ಲ. ಹಿಂದೊಮ್ಮೆ ಗ್ರಹವೊಂದು ದಾರಿ ತಪ್ಪಿದಾಗ ನಿಯಮವನ್ನು ಶಂಕಿಸಿದವರು ಸೋತಿದ್ದರು. ಕಾಣದ ಗ್ರಹವನ್ನು ನಂಬಿದವನು ಗೆದ್ದಿದ್ದನು. ಆದುದರಿಂದ ಬುಧನಿಗೂ ಸೂರ್ಯನಿಗೂ ನಡುವೆ ಒಂದು ಗ್ರಹವೋ ಸಣ್ಣ ಗ್ರಹಗಳ ಗುಂಪೋ ಇರಬೇಕೆಂದು ಆತನು ಊಹಿಸಿದನು. ಊಹೆಯನ್ನು ತಪ್ಪೆನ್ನುವಂತಿರಲಿಲ್ಲ. ಸೂರ್ಯನ ಪ್ರಭೆಯಲ್ಲಿ ಮುಳುಗಿದ ಗ್ರಹವು ಇದುವರೆಗೆ ಯಾರಿಗೂ ಕಾಣದಿದ್ದುದರಲ್ಲಿ ಆಶ್ಚರ್ಯವೂ ಇರಲಿಲ್ಲ.

ಆ ವರ್ಷದ ಡಿಸೆಂಬರಿನಲ್ಲಿ ಒರ್ಜೇರ್ ಎಂಬ ಹಳ್ಳಿಯ ವೈದ್ಯನಾದ ಲೆಸ್ಕಾರ್ಬೋ ಎಂಬಾತನಿಂದ ಲೆವೆರಿಯೆಗೆ ಪತ್ರ ಬಂದಿತು. ಮಾರ್ಚ್ ೨೬ರಂದು ಸೂರ್ಯಬಿಂಬದ ಮೇಲೆ ಸಣ್ಣ ಕಪ್ಪು ಚುಕ್ಕೆಯೊಂದು ಹಾದುಹೋಗುವುದನ್ನು ತಾನು ನೋಡಿದೆನೆಂದು ಆತನು ತಿಳಿಸಿದ್ದನು. ಲೆವೆರಿಯೆ ಮುನ್ಸೂಚನೆ ನೀಡದೆ ಆ ಹಳ್ಳಿಗೆ ಹೋಗಿ, ವೈದ್ಯನ ಬಾಗಿಲು ತಟ್ಟಿ, ನ್ಯಾಯಾಲಯದಲ್ಲಿ ಸಾಕ್ಷಿಯನ್ನು ಪ್ರಶ್ನಿಸುವಂತೆ ಪ್ರಶ್ನಿಸಿದನು. ಪಾಪ, ಆ ವೈದ್ಯನ ಸಲಕರಣೆಗಳೆಂದರೆ ಒಂದು ಸಣ್ಣ ದೂರದರ್ಶಕ, ನಿಮಿಷಗಳನ್ನಷ್ಟೇ ತೋರುವ ಗಡಿಯಾರ, ಸೆಕೆಂಡುಗಳನ್ನು ಎಣಿಸಲು ದಾರಕ್ಕೆ ಕಟ್ಟಿದ ದಂತದ ಗುಂಡು. ಲೆಕ್ಕಗಳನ್ನು ಬರೆದುದು ಮರದ ಹಲಗೆಯ ಮೇಲೆ. ಹಲಗೆ ತುಂಬಿದಾಗ ಉಜ್ಜುಗೊರಡಿನಿಂದ ಹೆರೆದು ಮತ್ತೆ ಬರೆಯುತ್ತಿದ್ದನಂತೆ. ಆದರೆ ಆತನ ಸರಳತೆ ಲೆವೆರಿಯೆಯನ್ನು ಒಲಿಸಿತು. ೧೮೬೦ರಲ್ಲಿ ವೈದ್ಯನಿಗೆ ಫ್ರಾನ್ಸಿನ ಶ್ರೇಷ್ಠ ಗೌರವವಾದ ಲೀಜಿಯನ್ ಆಫ್ ಆನರ್ ದೊರೆಯಿತು. ಹೊಸ ಗ್ರಹಕ್ಕೆ ರೋಮನರ ಅಗ್ನಿದೇವತೆಯಾದ ವಲ್ಕನ್ನನ ಹೆಸರಾಯಿತು. ಅದು ೧೯ ದಿವಸ ೧೭ ಗಂಟೆಗಳಲ್ಲಿ ಸೂರ್ಯನನ್ನು ಸುತ್ತುತ್ತದೆ ಎಂದು ಲೆವೆರಿಯೆ ಲೆಕ್ಕ ಹಾಕಿದನು. ಬುಧನನ್ನು ಅಷ್ಟು ಜರುಗಿಸಲು ಅಂತಹ ಗ್ರಹ ಒಂದೇ ಸಾಲದು, ಹಲವು ಬೇಕು ಎಂಬುದೂ ಆತನಿಗೆ ತಿಳಿದಿತ್ತು.

ಅಪಸ್ವರಗಳೂ ಕೇಳಿಬಂದುವು. ಎಮ್ಮಾನ್ಯುಯೆಲ್ ಲಿಯೇ ಎಂಬ ಖಗೋಳವಿಜ್ಞಾನಿಯು ವೈದ್ಯನು ಹೇಳಿದ ಹೊತ್ತಿನಲ್ಲಿಯೇ ಬ್ರೆಜಿಲಿನಲ್ಲಿ ಸೂರ್ಯನನ್ನು ನೋಡುತ್ತಿದ್ದನು. ಆತನಿಗೆ ಯಾವ ಚುಕ್ಕೆಯೂ ಕಂಡಿರಲಿಲ್ಲ. ಅಲ್ಲಲ್ಲಿ ಒಬ್ಬಿಬ್ಬರು ವಲ್ಕನ್ನನ್ನು ಕಂಡೆವೆನ್ನುತ್ತಿದ್ದರು, ಮತ್ತೊಬ್ಬರು ಅದೇ ಜಾಗದಲ್ಲಿ ಹುಡುಕಿ ಬರಿಗೈಯಲ್ಲಿ ಹಿಂದಿರುಗುತ್ತಿದ್ದರು. ೧೮೭೭ರ ಮಾರ್ಚ್ ೨೨ರಂದು ಅದು ಸೂರ್ಯಬಿಂಬವನ್ನು ದಾಟಬಹುದೆಂದು ಲೆವೆರಿಯೆ ಸೂಚಿಸಿದನು. ಹಲವು ದೇಶಗಳ ವೀಕ್ಷಕರು ಕಾದು ಕುಳಿತರು. ಸೂರ್ಯಬಿಂಬ ನಿಷ್ಕಳಂಕವಾಗಿಯೇ ಇತ್ತು. ಆ ವರ್ಷದ ಸೆಪ್ಟೆಂಬರ್ ೨೩ರಂದು, ನೆಪ್ಚೂನ್ ಕಂಡ ದಿನದಿಂದ ಸರಿಯಾಗಿ ಮೂವತ್ತೊಂದು ವರ್ಷಗಳ ಮೇಲೆ, ಲೆವೆರಿಯೆ ತೀರಿಕೊಂಡನು.

ಮರುವರ್ಷ ಅಮೆರಿಕದಲ್ಲಿ ಪೂರ್ಣ ಸೂರ್ಯಗ್ರಹಣವಾಯಿತು. ಸೂರ್ಯನು ಮರೆಯಾದ ಆ ಕೆಲವೇ ನಿಮಿಷಗಳಲ್ಲಿ ಜೇಮ್ಸ್ ವಾಟ್ಸನ್ ಎಂಬ ಪ್ರಸಿದ್ಧ ಖಗೋಳವಿಜ್ಞಾನಿಯು ಸೂರ್ಯನ ಬಳಿ ಹೊಸ ಕಾಯವೊಂದನ್ನು ಕಂಡೆನೆಂದನು. ಇತರರು ಒಪ್ಪಲಿಲ್ಲ, ಅದು ಪರಿಚಿತ ನಕ್ಷತ್ರವೇ ಇರಬೇಕೆಂದರು. ವಾಟ್ಸನ್ ಪಟ್ಟು ಬಿಡಲಿಲ್ಲ. ಬಾವಿಯ ತಳದಿಂದ ನೋಡಿದರೆ ಹಗಲಿನಲ್ಲಿಯೂ ನಕ್ಷತ್ರಗಳು ಕಾಣುತ್ತವೆ ಎಂಬ ಹಳೆಯ ನಂಬಿಕೆಯನ್ನು ನೆಚ್ಚಿ, ನೆಲದೊಳಗೆ ವೀಕ್ಷಣಾಲಯವೊಂದನ್ನು ತೋಡಿಸತೊಡಗಿದನು. ಅದು ಮುಗಿಯುವ ಮೊದಲೇ, ೧೮೮೦ರಲ್ಲಿ, ಮಡಿದನು. ಆ ಬಳಿಕ ಅದನ್ನು ಮುಗಿಸಿ ನೋಡಿದವರಿಗೆ ಹಗಲಿನಲ್ಲಿ ನಕ್ಷತ್ರವೊಂದೂ ಕಾಣಲಿಲ್ಲ.

ಬುಧನ ಶೇಷ ಮಾತ್ರ ಹಾಗೆಯೇ ಉಳಿದಿತ್ತು. ೧೮೯೪ರಲ್ಲಿ ಆಸಫ್ ಹಾಲ್ ಎಂಬಾತನು ಮೊದಲನೆಯ ದಾರಿಗೆ ಮರಳಿ ನಿಯಮವನ್ನೇ ಚೂರು ತಿದ್ದಿ ನೋಡಿದನು. ಸೆಳೆತವು ದೂರದ ವರ್ಗಕ್ಕೆ, ಅಂದರೆ ಎರಡನೆಯ ಘಾತಕ್ಕೆ, ಅನುಗುಣವಾಗಿ ಇಳಿಯುತ್ತದೆ ಎನ್ನುವ ಬದಲು ಆ ಎರಡನ್ನು ೨.೦೦೦೦೦೦೧೬ ಎಂದು ಇಟ್ಟುಕೊಂಡರೆ ಬುಧನ ಲೆಕ್ಕ ಸರಿಹೋಗುತ್ತಿತ್ತು. ಆದರೆ ಆ ತಿದ್ದುಪಡಿಯು ಮುಂದೆ ಚಂದ್ರನ ಚಲನೆಗೆ ಹೊಂದಲಿಲ್ಲ. ಇಪ್ಪತ್ತನೆಯ ಶತಮಾನದ ಮೊದಲ ದಶಕದ ಗ್ರಹಣಗಳಲ್ಲಿ ತೆಗೆದ ಛಾಯಾಚಿತ್ರಗಳಲ್ಲಿ ವಲ್ಕನ್ನಿನ ಸುಳಿವೂ ಸಿಗಲಿಲ್ಲ.

೧೯೧೫ರ ನವೆಂಬರ್ ತಿಂಗಳಲ್ಲಿ ಬರ್ಲಿನ್ನಿನಲ್ಲಿ ಆಲ್ಬರ್ಟ್ ಐನ್‌ಸ್ಟೈನನು ಗುರುತ್ವದ ಹೊಸ ಸಿದ್ಧಾಂತವನ್ನು ರೂಪಿಸುತ್ತಿದ್ದನು. ಅದರ ಪ್ರಕಾರ ಗುರುತ್ವವೆಂಬುದು ಸೆಳೆತವಲ್ಲ. ದ್ರವ್ಯವಿರುವಲ್ಲಿ ದೇಶಕಾಲಗಳೇ ಬಾಗುತ್ತವೆ, ಗ್ರಹಗಳು ಆ ಬಾಗನ್ನು ಅನುಸರಿಸಿ ನಡೆಯುತ್ತವೆ. ಈ ಸಿದ್ಧಾಂತವನ್ನು ಬುಧನಿಗೆ ಅನ್ವಯಿಸಿದಾಗ, ಯಾವ ಹೊಸ ಗ್ರಹದ ನೆರವೂ ಇಲ್ಲದೆ, ಶತಮಾನಕ್ಕೆ ೪೩ ವಿಕಲೆಗಳು ತಾವಾಗಿಯೇ ಹೊರಬಂದುವು. ಫಲಿತಾಂಶವನ್ನು ಕಂಡಾಗ ತನ್ನ ಎದೆ ಡವಗುಟ್ಟಿತೆಂದು ಐನ್‌ಸ್ಟೈನನು ಅನಂತರ ಸ್ನೇಹಿತನೊಬ್ಬನಿಗೆ ಹೇಳಿದ್ದುಂಟು. ನವೆಂಬರ್ ೧೮ರಂದು ಆತನು ಅದನ್ನು ಅಕಾಡೆಮಿಗೆ ಒಪ್ಪಿಸಿದನು. ಅಂದಿಗೆ ವಲ್ಕನ್ ಗ್ರಹವು ಆಕಾಶದಿಂದ ಕಣ್ಮರೆಯಾಯಿತು. ಇಲ್ಲದಿದ್ದುದು ಕಣ್ಮರೆಯಾಯಿತು ಎನ್ನಬಹುದಾದರೆ.

ಹಾಗಾದರೆ ನ್ಯೂಟನ್ನನ ನಿಯಮ ಸುಳ್ಳೇ? ಇಲ್ಲಿ ನೈಯಾಯಿಕರ ಮಾತು ನೆರವಿಗೆ ಬರುತ್ತದೆ. ಆ ನಿಯಮದೊಳಗೆ ಯಾರಿಗೂ ತಿಳಿಯದ ಉಪಾಧಿಯೊಂದು ಅಡಗಿತ್ತು. ಗುರುತ್ವವು ಹೆಚ್ಚು ಪ್ರಬಲವಲ್ಲದ ಎಡೆಯಲ್ಲಿ, ವೇಗವು ಬೆಳಕಿನ ವೇಗಕ್ಕಿಂತ ತೀರ ಕಡಮೆಯಾಗಿರುವಾಗ, ನಿಯಮವು ಬಹಳ ಮಟ್ಟಿಗೆ ಸರಿ. ನೆಪ್ಚೂನ್ ಇರುವುದು ಅಂತಹ ಪ್ರಶಾಂತವಾದ ದೂರದಲ್ಲಿ. ಬುಧನು ಸೂರ್ಯನೆಂಬ ಕುಲುಮೆಯ ಬಾಯಿಯಲ್ಲಿದ್ದಾನೆ. ಹಸಿಯ ಸೌದೆಯಿಲ್ಲದ ಬೆಂಕಿಯನ್ನು ಖಗೋಳವಿಜ್ಞಾನಿಗಳು ಅಲ್ಲಿ ಮೊದಲು ಕಂಡರು. ಚಂದ್ರನಿಗೂ ಗ್ರಹಗಳಿಗೂ ನೌಕೆಗಳನ್ನು ಕಳಿಸುವವರು ಬಹುಪಾಲು ಲೆಕ್ಕವನ್ನು ಇಂದಿಗೂ ನ್ಯೂಟನ್ನನ ನಿಯಮದಿಂದಲೇ ಮಾಡುತ್ತಾರೆ.

ಲೆವೆರಿಯೆಯ ತರ್ಕದಲ್ಲಿ ದೋಷವಿತ್ತೆಂದು ಹೇಳುವುದು ಸುಲಭ. ಎಲ್ಲಿ ದೋಷವೆಂದು ತೋರಿಸುವುದು ಕಷ್ಟ. ಯುರೇನಸ್ಸಿನ ವಿಷಯದಲ್ಲಿಯೂ ಬುಧನ ವಿಷಯದಲ್ಲಿಯೂ ಆತನು ನಡೆದ ಹಾದಿ ಒಂದೇ. ಲೆಕ್ಕದ ಎಚ್ಚರವೂ ಒಂದೇ. ತರ್ಕದ ಒಳಗೆ ನಿಂತು ನೋಡಿದವನಿಗೆ ಎರಡಕ್ಕೂ ವ್ಯತ್ಯಾಸವೇ ತಿಳಿಯುತ್ತಿರಲಿಲ್ಲ. ವ್ಯತ್ಯಾಸವನ್ನು ಹೇಳಿದುದು ಆಕಾಶ: ಒಂದು ಕಡೆ ಗ್ರಹವಿತ್ತು, ಇನ್ನೊಂದು ಕಡೆ ಇರಲಿಲ್ಲ. ಇದ್ದುದನ್ನು ಕಾಣಲು ಒಂದು ರಾತ್ರಿ ಸಾಕಾಯಿತು. ಇಲ್ಲದುದು ಇಲ್ಲವೆಂದು ಒಪ್ಪಲು ಅರ್ಧ ಶತಮಾನಕ್ಕೂ ಮಿಗಿಲಾದ ಕಾಲ ಬೇಕಾಯಿತು.

ಅಂತಹದೇ ಪ್ರಶ್ನೆಯೊಂದು ಇಂದು ಮತ್ತೆ ಎದ್ದು ನಿಂತಿದೆ. ೧೯೩೩ರಲ್ಲಿ ಫ್ರಿಟ್ಸ್ ಝ್ವಿಕಿ ಎಂಬ ವಿಜ್ಞಾನಿಯು ದೂರದ ಗೆಲಕ್ಸಿಗಳ ಗುಂಪೊಂದನ್ನು ಪರಿಶೀಲಿಸಿ, ಅವುಗಳ ವೇಗವು ಕಾಣುವ ದ್ರವ್ಯದ ಸೆಳೆತಕ್ಕೆ ಹೊಂದುವುದಿಲ್ಲವೆಂದು ಕಂಡನು. ೧೯೭೦ರಲ್ಲಿ ವೆರಾ ರೂಬಿನ್ ಮತ್ತು ಅವರ ಸಹೋದ್ಯೋಗಿ ಫೋರ್ಡ್, ಆಂಡ್ರೊಮೆಡ ಗೆಲಕ್ಸಿಯ ಹೊರ ಅಂಚಿನ ಕಾಯಗಳು ನಿರೀಕ್ಷೆಗಿಂತ ಬಹಳ ವೇಗವಾಗಿ ಸುತ್ತುತ್ತವೆ ಎಂದು ಅಳೆದು ತೋರಿಸಿದರು. ಕಾಣದ ದ್ರವ್ಯವೊಂದು ಅಲ್ಲೆಲ್ಲ ತುಂಬಿರಬೇಕು, ವಿಶ್ವದ ದ್ರವ್ಯದಲ್ಲಿ ಆರರಲ್ಲಿ ಐದು ಪಾಲು ಅದೇ ಆಗಿರಬೇಕು ಎಂಬುದು ಬಹುಮಂದಿ ವಿಜ್ಞಾನಿಗಳ ಅಭಿಪ್ರಾಯ. ಅದರ ಪರವಾಗಿ ಬೇರೆ ಬೇರೆ ದಿಕ್ಕುಗಳಿಂದ ಸಾಕ್ಷ್ಯ ಒದಗಿದೆ. ವಲ್ಕನ್ನಿಗೆ ಅಂತಹ ಬೆಂಬಲವಿರಲಿಲ್ಲ. ಆದರೆ ೧೯೮೩ರಲ್ಲಿ ಇಸ್ರೇಲಿನ ಮೊರ್ದೆಹೈ ಮಿಲ್‌ಗ್ರೋಮ್ ಎಂಬ ವಿಜ್ಞಾನಿ ಇನ್ನೊಂದು ದಾರಿಯನ್ನು ಸೂಚಿಸಿದರು: ತೀರ ದುರ್ಬಲವಾದ ಗುರುತ್ವದ ಎಡೆಯಲ್ಲಿ ನಿಯಮವೇ ಬೇರೆಯಾಗಿರಬಹುದು. ಕಾಣದ ದ್ರವ್ಯದ ಕಣಗಳನ್ನು ಹಿಡಿಯಲು ಗಣಿಗಳ ಆಳದಲ್ಲಿಯೂ ಬೆಟ್ಟಗಳ ಗರ್ಭದಲ್ಲಿಯೂ ಅತಿ ಸೂಕ್ಷ್ಮವಾದ ಉಪಕರಣಗಳನ್ನು ಹೂಡಿ ವಿಜ್ಞಾನಿಗಳು ಕಾಯುತ್ತಿದ್ದಾರೆ. ಇದುವರೆಗೆ ಎಲ್ಲರೂ ಒಪ್ಪುವಂತೆ ಒಂದು ಕಣವೂ ಸಿಕ್ಕಿಲ್ಲ.